ಲಿಸ್ಬನ್‌ಗೆ ಹೊರಡುವ ಮೊದಲು ಮೊಣಕಾಲು ನೋಡಿಕೊಳ್ಳಿ

ನಾವು ಪೋರ್ಚುಗಲ್‌ಗೆ ಹೋದದ್ದು ಅತ್ತೆಯ ಹಟದಿಂದ. ಅವರು ಉಳ್ಳಾಲದ ಕಡೆ ಶಾಲೆಯಲ್ಲಿ ಟೀಚರ್ ಆಗಿದ್ದವರು. ವರ್ಷ ವರ್ಷವೂ ಮಕ್ಕಳಿಗೆ ಅಬ್ಬಕ್ಕನ ಪಾಠ ಮಾಡಿದ್ದಾರೆ. ವಿದೇಶಕ್ಕೆ ಹೋಗುವುದಾದರೆ ಎಲ್ಲಿಗೆ ಎಂದು ಗಂಡ ಕೇಳಿದಾಗ ಎಲ್ಲರ ಹಾಗೆ ಸ್ವಿಜರ್ಲೆಂಡ್ ಅನ್ನಲಿಲ್ಲ. "ಅಬ್ಬಕ್ಕನ ಮೇಲೆ ಹಡಗು ಕಳಿಸಿದವರ ಊರು ಹೇಗುಂಟು ಅಂತ ಒಮ್ಮೆ ನೋಡ್ಬೇಕು" ಅಂದರು. ಅವರಿಗೆ 68 ವರ್ಷ. ಎಡಗಾಲಿನ ಮೊಣಕಾಲು ನೋವು. ಲಿಸ್ಬನ್ ಇರುವುದು ಏಳು ಗುಡ್ಡಗಳ ಮೇಲೆ ಅಂತ ನಾನು ಓದಿದ್ದು ಟಿಕೆಟ್ ಮಾಡಿದ ಮೇಲೆ.

ಮೊದಲು ವೀಸಾ ವಿಷಯ ಮುಗಿಸಿಬಿಡುತ್ತೇನೆ. ಬೇಕಾದದ್ದು ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಆಗುವ ವೀಸಾ. ಮಂಗಳೂರಿನಲ್ಲಿ ಆಗುವ ಕೆಲಸ ಅಲ್ಲ, ಬೆರಳಚ್ಚು ಕೊಡಲು ನಾವು ಮೂವರೂ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ಬಂದೆವು. ದೊಡ್ಡವರಿಗೆ ಶುಲ್ಕ 90 ಯೂರೊ, ಅದರ ಮೇಲೆ ಸೇವಾ ಶುಲ್ಕ ಬೇರೆ. ವೀಸಾ ಸಿಗದಿದ್ದರೆ ಈ ದುಡ್ಡು ವಾಪಸ್ ಬರುವುದಿಲ್ಲ. ಪ್ರಯಾಣಕ್ಕೆ 6 ತಿಂಗಳು ಮೊದಲೇ ಅರ್ಜಿ ಹಾಕಬಹುದು, ಕಡೇ ಪಕ್ಷ 15 ದಿನ ಮೊದಲು ಹಾಕಲೇಬೇಕು. ಆದರೆ 15 ದಿನ ಅಂತ ನಂಬಿ ಕೂರಬೇಡಿ, ಎರಡು ಮೂರು ತಿಂಗಳು ಕೈಯಲ್ಲಿರಲಿ. ಪ್ರಯಾಣ ವಿಮೆ ಕನಿಷ್ಠ 30,000 ಯೂರೊ ಮೊತ್ತದ್ದಿರಬೇಕು. ಅತ್ತೆಯ ಖರ್ಚು ಗಂಡನದ್ದು, ಹಾಗಾಗಿ ಅವರ ಫೈಲಿಗೆ ಮಗ ಬರೆದ ಪತ್ರ, ಮಗನ ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಬೇರೆಯಾಗಿಯೇ ಇಟ್ಟೆವು.

ಇಲ್ಲೊಂದು ಎಡವಟ್ಟು ಆಗುವುದರಲ್ಲಿತ್ತು. ಊರಿನ ಒಬ್ಬ ಏಜೆಂಟ್ ಹೋಟೆಲ್ ಬುಕಿಂಗ್ ಕಾಗದ ಮಾಡಿಕೊಟ್ಟಿದ್ದ. ನೋಡಲು ಚಂದವೇ ಇತ್ತು. ಫೈಲ್ ಕೊಡಲು ಎರಡು ದಿನ ಇರುವಾಗ ನನಗೆ ಏನೋ ಅನುಮಾನ ಬಂದು ಹೋಟೆಲಿಗೆ ಮೇಲ್ ಹಾಕಿದೆ. ನಮ್ಮ ಹೆಸರಿನಲ್ಲಿ ಅಲ್ಲಿ ರೂಮೇ ಇಲ್ಲ! ಆಮೇಲೆ ಕೂತು ನಾವೇ ಬುಕ್ ಮಾಡಿದೆವು. ಬೇಡ ಅಂದರೆ ದುಡ್ಡು ಕಟ್ಟದೆ ರದ್ದು ಮಾಡುವಂಥ ರೂಮುಗಳು ಬೇಕಾದಷ್ಟು ಸಿಗುತ್ತವೆ. ಸುಳ್ಳು ಕಾಗದಕ್ಕೆ ಯಾಕೆ ದುಡ್ಡು ಕೊಡಬೇಕು?

ವಿಮಾನದ ಟಿಕೆಟ್ ಇಡೀ ದಾರಿಗೆ ಒಂದೇ ಪಿಎನ್‌ಆರ್‌ನಲ್ಲಿ ಇರಲಿ. ಮಂಗಳೂರಿನಿಂದ ಗಲ್ಫ್‌ಗೆ ನೇರ ವಿಮಾನ ಇದೆಯಲ್ಲ, ಅಲ್ಲಿಂದ ಇನ್ನೊಂದು ಕಂಪನಿಯ ಅಗ್ಗದ ಟಿಕೆಟ್ ಹಿಡಿಯೋಣ ಅಂತ ನಮಗೂ ಆಸೆ ಹುಟ್ಟಿತ್ತು. ಬೇರೆ ಬೇರೆ ಟಿಕೆಟ್ ಆದರೆ ನಡುವೆ ಬ್ಯಾಗ್ ಇಳಿಸಿಕೊಂಡು ಮತ್ತೆ ಚೆಕ್ ಇನ್ ಮಾಡಬೇಕಾಗುತ್ತದೆ, ಅದಕ್ಕೆ ಆ ದೇಶದ ವೀಸಾ ಬೇಕಾಗಬಹುದು. ಉಳಿಸಿದ ದುಡ್ಡು ಅಲ್ಲೇ ಹೋಯಿತು. ನಾವು ಮುಂಬೈ ಮೇಲಿನಿಂದ ಹೋದೆವು. ಮಂಗಳೂರಿನ ಬಜ್ಪೆ ನಿಲ್ದಾಣದಲ್ಲಿ ಕೊಟ್ಟ ಬ್ಯಾಗ್ ಲಿಸ್ಬನ್‌ನಲ್ಲಿ ಕೈಗೆ ಸಿಕ್ಕಿತು.

ಲಿಸ್ಬನ್ ವಿಮಾನ ನಿಲ್ದಾಣದಲ್ಲಿ ಇಮಿಗ್ರೇಷನ್ ಸಾಲು ಉದ್ದ ಇರುತ್ತದೆ. ಈಗ ಅಲ್ಲೂ ಫೋಟೊ, ಬೆರಳಚ್ಚು ತೆಗೆದುಕೊಳ್ಳುವ ಹೊಸ ಪದ್ಧತಿ ಬಂದಿದೆ. ನೀರು, ಬಿಸ್ಕತ್ತು ಕೈಚೀಲದಲ್ಲಿರಲಿ. ಹೊರಗೆ ಬಂದರೆ ಮೆಟ್ರೊ ಅಲ್ಲೇ ಇದೆ. ಕೆಂಪು ಲೈನ್ ಹತ್ತಿ, ಅಲಮೇಡದಲ್ಲಿ ಇಳಿದು ಹಸಿರು ಲೈನ್ ಹಿಡಿದರೆ ಹಳೆ ಪೇಟೆಗೆ ತಲುಪುತ್ತೀರಿ. ನವೆಗಾಂಟ್ ಅನ್ನುವ ಕಾರ್ಡ್ ಸಿಗುತ್ತದೆ, ಅರ್ಧ ಯೂರೊ. ಅದಕ್ಕೆ ದುಡ್ಡು ತುಂಬಿದರೆ ಮೆಟ್ರೊ, ಬಸ್, ಟ್ರಾಮ್ ಎಲ್ಲಕ್ಕೂ ಆಗುತ್ತದೆ. ಒಂದು ಕಾರ್ಡಿನಲ್ಲಿ ಒಬ್ಬರೇ. ಒಂದನ್ನೇ ಮೂವರೂ ಒತ್ತಿ ಒಳಗೆ ಹೋಗೋಣ ಅಂದರೆ ಗೇಟ್ ತೆರೆಯುವುದಿಲ್ಲ, ನಾವು ನೋಡಿಯೇ ನೋಡಿದೆವು.

ದುಡ್ಡಿಗೆ ಮೊದಲೇ ಯೂರೊ ತುಂಬಿಸಿಕೊಂಡ ಫಾರೆಕ್ಸ್ ಕಾರ್ಡ್ ಸಾಕು, ಜೊತೆಗೆ ಸ್ವಲ್ಪ ನಗದು. ಎಟಿಎಂ ಬೇಕಾದರೆ 'ಮಲ್ಟಿಬ್ಯಾಂಕೊ' ಬೋರ್ಡ್ ಇರುವುದನ್ನೇ ಹುಡುಕಿ. ಯಂತ್ರ "ರೂಪಾಯಿಯಲ್ಲಿ ಲೆಕ್ಕ ಹಾಕಲಾ?" ಅಂತ ಕೇಳಿದರೆ ಬೇಡ ಅನ್ನಿ, ಯೂರೊ ಒತ್ತಿ. ರೂಪಾಯಿ ಒತ್ತಿದರೆ ಅವರು ಹೇಳಿದ್ದೇ ರೇಟು. ರೂಮಿನ ಬಾಡಿಗೆ ಅಲ್ಲದೆ ಒಬ್ಬರಿಗೆ ರಾತ್ರಿಗೆ 4 ಯೂರೊ ಪ್ರವಾಸಿ ತೆರಿಗೆಯೂ ಇದೆ, ಹೆಚ್ಚೆಂದರೆ 7 ರಾತ್ರಿಗೆ. ಮೋಸ ಅಂತ ಜಗಳಕ್ಕೆ ನಿಲ್ಲಬೇಡಿ.

ಈಗ ಮೊಣಕಾಲಿನ ವಿಷಯ. ಲಿಸ್ಬನ್‌ನ ಫುಟ್‌ಪಾತ್‌ಗೆ ಹಾಸಿರುವುದು ಅಂಗೈಯಗಲದ ಬಿಳಿ ಸುಣ್ಣಕಲ್ಲಿನ ತುಂಡುಗಳು. ನಡುನಡುವೆ ಕಪ್ಪು ಕಲ್ಲಿನಲ್ಲಿ ಅಲೆಯ ಹಾಗೆ, ಬಳ್ಳಿಯ ಹಾಗೆ ಚಿತ್ತಾರ. ವರ್ಷಗಟ್ಟಲೆ ಜನ ನಡೆದು ನಡೆದು ನುಣ್ಣಗಾಗಿವೆ. ಒಂದು ಮಳೆ ಬಿದ್ದರೆ ಸಾಕು, ಪಾಚಿ ಹಿಡಿದ ನಮ್ಮ ಬಾವಿಕಟ್ಟೆಯೇ. ಅತ್ತೆ ಮೊದಲ ದಿನ ಪ್ಯಾರಾಗಾನ್ ಚಪ್ಪಲಿಯಲ್ಲಿ ಹೊರಟು ಹತ್ತು ಹೆಜ್ಜೆಯಲ್ಲಿ ಎರಡು ಸಲ ಜಾರಿದರು. ಹಿಡಿತ ಇರುವ ಶೂ ಊರಿನಿಂದಲೇ ತನ್ನಿ. ಅದೂ ಹೊಸ ಶೂ ಬೇಡ, ಕಾಲಿಗೆ ಒಗ್ಗಿದ್ದು.

ಹತ್ತುವುದಕ್ಕೆ ಉಪಾಯಗಳಿವೆ, ಗೈಡ್‌ಗಳು ಹೇಳುವುದಿಲ್ಲ. ಗುಡ್ಡದ ಮೇಲೆ ಸಾವ್ ಜಾರ್ಜ್ ಕೋಟೆ ಇದೆಯಲ್ಲ, ಅಲ್ಲಿಗೆ ಕೆಳಪೇಟೆಯ ಫಾಂಕೈರೊಸ್ ಬೀದಿಯಿಂದ ಪುಕ್ಕಟೆ ಲಿಫ್ಟ್ ಇದೆ. ಹೊರಗಿನಿಂದ ನೋಡಿದರೆ ಯಾರದೋ ಮನೆ ಅನಿಸುತ್ತದೆ. ಮೇಲೆ ಮದಲೇನ ಬೀದಿಯಲ್ಲಿ ಇಳಿದು ಎದುರಿಗೆ ಸ್ವಲ್ಪ ನಡೆದರೆ ಸೂಪರ್‌ಮಾರ್ಕೆಟ್ ಇರುವ ಕಟ್ಟಡದಲ್ಲಿ ಇನ್ನೊಂದು ಲಿಫ್ಟ್. ಅಲ್ಲಿಗೆ ಮುಕ್ಕಾಲು ಗುಡ್ಡ ಮುಗಿಯಿತು. ಹಾಗೆಯೇ ಬೈಶಾದಿಂದ, ಅಂದರೆ ಕೆಳಪೇಟೆಯಿಂದ, ಮೇಲಿನ ಶಿಯಾದು ಕಡೆಗೆ ಹತ್ತಲು ಮೆಟ್ರೊ ಸ್ಟೇಷನ್ನಿನ ಎಸ್ಕಲೇಟರ್ ಉಂಟು. ಅತ್ತೆ ಅದರಲ್ಲಿ ದಿನಕ್ಕೆ ಮೂರು ಸಲ ಹೋಗಿ ಬಂದರು. ಹಳದಿ ಟ್ರಾಮ್ 28 ಬಗ್ಗೆ ಎಲ್ಲರೂ ಬರೆಯುತ್ತಾರೆ. ಹತ್ತಿ, ಆದರೆ ಬೆಳಿಗ್ಗೆ ಬೇಗ, ಮಾರ್ಟಿಂ ಮೊನಿಜ್‌ನಲ್ಲಿ ಹೊರಡುವ ಜಾಗದಲ್ಲೇ. ಹತ್ತು ಗಂಟೆ ಆದಮೇಲೆ ಅದು ಮಂಗಳೂರಿನ ಸ್ಟೇಟ್‌ಬ್ಯಾಂಕ್ ಸ್ಟಾಂಡಿನಿಂದ ಸಂಜೆ ಆರಕ್ಕೆ ಹೊರಡುವ ಸಿಟಿ ಬಸ್ಸೇ. ಪರ್ಸ್ ಹಿಂದಿನ ಕಿಸೆಯಲ್ಲಿ ಇಡಬೇಡಿ, ಜೇಬುಗಳ್ಳರು ಜಾಸ್ತಿ.

ಲಿಸ್ಬನ್‌ನದ್ದೇ ಭಾಗವಾದ ಬೆಲೆಂಗೆ ಒಂದು ಪೂರ್ತಿ ದಿನ ಕೊಡಿ. ನದಿ ದಂಡೆಯಲ್ಲೇ 15ನೇ ನಂಬರ್ ಟ್ರಾಮ್ ಹೋಗುತ್ತದೆ, ಗುಡ್ಡ ಇಲ್ಲ. 1497ರ ಜುಲೈಯಲ್ಲಿ ವಾಸ್ಕೊ ಡ ಗಾಮ ಹಡಗು ಬಿಟ್ಟದ್ದು ಇಲ್ಲಿಂದ. ಅಲ್ಲಿನ ಜೆರೊನಿಮೊ ಮಠ ಸೋಮವಾರ ಮುಚ್ಚಿರುತ್ತದೆ. ಒಳಾಂಗಣದ ಮೊಗಸಾಲೆಗೆ ಟಿಕೆಟ್ ಉಂಟು, ಆನ್‌ಲೈನ್‌ನಲ್ಲಿ ಮೊದಲೇ ಮಾಡಿ. ಪಕ್ಕದ ಇಗರ್ಜಿಗೆ ದುಡ್ಡಿಲ್ಲ, ಸಾಲು ಮಾತ್ರ ಬೇರೆ. ರಾಜ ಒಂದನೇ ಮನುವೆಲ್ ಈ ಮಠ ಕಟ್ಟಿಸಿದ್ದು ಆಫ್ರಿಕಾ ಮತ್ತು ಪೂರ್ವದೇಶಗಳ ವ್ಯಾಪಾರದ ಮೇಲೆ ಹಾಕಿದ 5% ತೆರಿಗೆಯ ದುಡ್ಡಿನಲ್ಲಿ. ಆ ವ್ಯಾಪಾರದಲ್ಲಿ ದೊಡ್ಡ ಪಾಲು ನಮ್ಮ ಪಶ್ಚಿಮ ಕರಾವಳಿಯ ಒಳ್ಳೆಮೆಣಸು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಅಂತ ಸುಮ್ನೆ ಕರೆದದ್ದಲ್ಲ. ಹತ್ತಿರ ಹೋಗಿ ನೋಡಿದರೆ ಕಲ್ಲಿನಲ್ಲಿ ಕೆತ್ತಿರುವುದು ಹಡಗಿನ ಹಗ್ಗ. ಹುರಿ ಹುರಿಯಾಗಿ ತಿರುಚಿ ಗಂಟು ಹಾಕಿದ ಹಾಗೆ. ಮಲ್ಪೆಯ ಬೋಟಿನಲ್ಲಿ ಸುತ್ತಿಟ್ಟ ಹಗ್ಗ ನೋಡಿದವರಿಗೆ ಅದು ಕಲ್ಲು ಅಂತ ನಂಬಲು ಒಂದು ನಿಮಿಷ ಬೇಕು.

ಇಗರ್ಜಿಯ ಒಳಗೆ ಹೋದ ಕೂಡಲೇ ಎಡಗಡೆ ವಾಸ್ಕೊನ ಸಮಾಧಿ. ಕೈಮುಗಿದು ಮಲಗಿದ ಕಲ್ಲಿನ ಮನುಷ್ಯ, ಕೆಳಗೆ ಸಿಂಹಗಳು, ಬದಿಯಲ್ಲಿ ಒಂದು ಹಾಯಿಹಡಗು. ಅತ್ತೆ ಸುಮಾರು ಹೊತ್ತು ನೋಡಿದರು. ಗಂಡ, "ಅಮ್ಮ, ಇವನೇ ಅಲ್ವಾ ಅಬ್ಬಕ್ಕನ ಮೇಲೆ ಬಂದದ್ದು?" ಅಂದ. ಟೀಚರಿಗೆ ಸಿಟ್ಟು ಬಂತು. "ಎಂಥ ಓದಿದ್ದು ನೀನು? ಇವ 1524ರಲ್ಲೇ ಕೊಚ್ಚಿಯಲ್ಲಿ ಸತ್ತಿದ್ದಾನೆ. ಅಬ್ಬಕ್ಕನತ್ರ ಪೆಟ್ಟು ತಿಂದವರು ಇವನ ನಂತರದವರು." ಅಲ್ಲಿದ್ದ ನಾಲ್ಕು ಜನ ತಿರುಗಿ ನೋಡಿದರು. ಹೊರಗೆ ಬಂದ ಮೇಲೆ ನನ್ನ ಹತ್ತಿರ ಮಾತ್ರ ಮೆಲ್ಲ, "ಜನ ಅಷ್ಟೇನೂ ದೊಡ್ಡದಿಲ್ಲ ಮಾರಾಯ್ತಿ" ಅಂದರು.

ನಮ್ಮ ಕಡೆಯವರಿಗೆ ಈ ಊರಿನಲ್ಲಿ ಸಿಗುವ ದೊಡ್ಡ ಮಜಾ ಭಾಷೆ. ಹೋಟೆಲಿನ ಹುಡುಗಿ ರೂಮಿನ ಕೀ ಕೊಡುತ್ತಾ "ಶಾವ್" ಅಂದಳು. ಬರೆದದ್ದು ನೋಡಿದರೆ ನಮ್ಮ ಚಾವಿ. ಕಿಟಕಿ ಅವರಿಗೆ ಜನೆಲ, ಮಂಗಳೂರಿನ ಕೊಂಕಣಿಯವರಿಗೆ ಜನೆಲ್. ಇಗರ್ಜಿ, ಪಾದ್ರಿ, ಬಟಾಟೆ, ಅನಾನಸು, ಪಗಾರ, ಮೇಸ್ತ್ರಿ ಎಲ್ಲ ಅಲ್ಲಿಂದ ಬಂದವು. ಮಂಗಳೂರಿನ ಹಂಪನಕಟ್ಟೆಯಲ್ಲಿ ಕಂಡಕ್ಟರ್ ಕೂಗುವ ಮಿಲಾಗ್ರಿಸ್ ಅಂದರೆ ಪವಾಡಗಳು ಅಂತ ನನಗೆ ಗೊತ್ತಾದದ್ದು ಲಿಸ್ಬನ್‌ನಲ್ಲಿ!

ಊಟಕ್ಕೆ ಬರೋಣ. ಕೂತ ಕೂಡಲೇ ಕೇಳದೆ ಬ್ರೆಡ್, ಆಲಿವ್, ಚೀಸ್ ತಂದಿಡುತ್ತಾರೆ. ನಾವು ಉಡುಪಿ ಹೋಟೆಲಿನಲ್ಲಿ ಎರಡನೇ ಸಲ ಸಾಂಬಾರ್ ಹಾಕಿಸಿಕೊಂಡು ಬೆಳೆದವರು. ಪುಕ್ಕಟೆ ಅಂದುಕೊಂಡು ಪೂರಾ ಮುಗಿಸಿದೆವು. ಬಿಲ್ಲಿನಲ್ಲಿ 9 ಯೂರೊ ಹೆಚ್ಚು. ಅದರ ಹೆಸರು 'ಕೂವೆರ್', ಮುಟ್ಟಿದರೆ ದುಡ್ಡು. ಬೇಡದಿದ್ದರೆ ಕೈ ಹಾಕದೆ ವಾಪಸ್ ಕಳಿಸಿ, ಯಾರೂ ಬೇಸರ ಮಾಡುವುದಿಲ್ಲ. ಕುಡಿಯಲು ನಲ್ಲಿ ನೀರೇ ಸಾಕು.

ಸಸ್ಯಾಹಾರಿಗಳಿಗೆ ಸ್ವಲ್ಪ ಕಷ್ಟ, ಉಪವಾಸವಂತೂ ಇಲ್ಲ. ಕಾಲ್ದೊ ವೆರ್ದ್ ಅಂತ ಹಸಿರು ಸೊಪ್ಪಿನ ಸೂಪ್ ಬರುತ್ತದೆ, ನೋಡಲು ಪಾಪದ್ದು. ಒಳಗೆ ಹಂದಿ ಸಾಸೇಜಿನ ಬಿಲ್ಲೆ ಇರುತ್ತದೆ. "ಸೆಂ ಕಾರ್ನ್, ಸೆಂ ಪೇಶ್", ಅಂದರೆ ಮಾಂಸ ಬೇಡ, ಮೀನು ಬೇಡ, ಇದನ್ನು ಬಾಯಿಪಾಠ ಮಾಡಿ. ಬೆಲೆಂನಲ್ಲಿ 1837ರಿಂದ ಮಾಡುತ್ತಿರುವ ಕಸ್ಟರ್ಡ್ ಪೇಸ್ಟ್ರಿಯಲ್ಲಿ ಮೊಟ್ಟೆಯ ಹಳದಿ ಇದೆ. ಅನ್ನ, ಸಾರು ಬೇಕೇ ಬೇಕು ಅನಿಸಿದರೆ ಮಾರ್ಟಿಂ ಮೊನಿಜ್ ಸುತ್ತಮುತ್ತ ಭಾರತದವರ, ಬಾಂಗ್ಲಾದವರ ಅಂಗಡಿ ಹೋಟೆಲುಗಳಿವೆ.

ಮೀನು ತಿನ್ನುವವರಿಗೆ ಮಾತ್ರ ತವರುಮನೆ. ಅವರ ಸಾರ್ಡಿನ್ಯ ಅಂದರೆ ನಮ್ಮ ಬೂತಾಯಿಯ ನೆಂಟ. ಕಲ್ಲುಪ್ಪು ಉದುರಿಸಿ ಇಡಿಯಾಗಿ ಕೆಂಡದ ಮೇಲೆ ಸುಡುತ್ತಾರೆ. ಮಸಾಲೆ ಇಲ್ಲ, ಹುಳಿ ಇಲ್ಲ. ಚರ್ಮ ಗುಳ್ಳೆ ಎದ್ದು, ಎಣ್ಣೆ ಬ್ರೆಡ್ಡಿನ ತುಂಡಿಗೆ ಇಳಿದಿರುತ್ತದೆ. "ನಮಗೆ ಕೆಂಪು ಮೆಣಸು ಕೊಟ್ಟವರೇ ಇವರು, ಇವರಿಗೇ ಮೆಣಸು ಹಾಕಲಿಕ್ಕೆ ಗೊತ್ತಿಲ್ವಾ?" ಅಂತ ಅತ್ತೆಗೆ ಅಚ್ಚರಿ. ಆದರೆ ಆರು ತಿಂದರು. ಒಳ್ಳೆ ಸಾರ್ಡಿನ್ ಬೇಸಿಗೆಯಲ್ಲಿ ಸಿಗುತ್ತದೆ. ಜೂನ್ 12ರ ರಾತ್ರಿ ಸಂತ ಅಂತೋನಿ ಹಬ್ಬಕ್ಕೆ ಅಲ್ಫಾಮ ಅನ್ನುವ ಹಳೆ ಕೇರಿಯ ಓಣಿ ಓಣಿಯಲ್ಲಿ ಸುಡುತ್ತಾರಂತೆ. ನಾವು ಹೋದದ್ದು ಅಕ್ಟೋಬರ್‌ನಲ್ಲಿ. ಸಂತ ಅಂತೋನಿ ಹುಟ್ಟಿದ್ದು ಲಿಸ್ಬನ್‌ನಲ್ಲೇ, ದೊಡ್ಡ ಇಗರ್ಜಿಯ ಹತ್ತಿರ ಅವರ ಹೆಸರಿನ ಸಣ್ಣ ಇಗರ್ಜಿ ಇದೆ. ಮಂಗಳೂರಿನ ಜೆಪ್ಪುವಿನ ಸಂತ ಅಂತೋನಿ ಆಶ್ರಮಕ್ಕೆ ಹೋಗುವ ನಮ್ಮ ಪಕ್ಕದ ಮನೆಯ ಬಾಯಮ್ಮನ ಹೆಸರಿನಲ್ಲಿ ಅಲ್ಲೊಂದು ಮೇಣದಬತ್ತಿ ಹಚ್ಚಿ ಬಂದೆವು.

ಕಾರ್ಮೊ ಮಠವನ್ನೂ ಬಿಡಬೇಡಿ. 1755ರ ನವೆಂಬರ್ 1ರಂದು ಬೆಳಿಗ್ಗೆ ಜನ ಇಗರ್ಜಿಗಳಲ್ಲಿದ್ದಾಗ ಭೂಕಂಪ ಆಯಿತು, ಆಮೇಲೆ ಸಮುದ್ರ ಉಕ್ಕಿತು, ಆಮೇಲೆ ಬೆಂಕಿ. ಈ ಮಠದ ಮಾಡು ಬಿದ್ದದ್ದನ್ನು ಹಾಗೇ ಬಿಟ್ಟಿದ್ದಾರೆ. ಕಮಾನುಗಳ ಮೇಲೆ ಬರೀ ಆಕಾಶ. ಕೆಳಪೇಟೆಯ ರಸ್ತೆಗಳು ಗೆರೆ ಎಳೆದ ಹಾಗೆ ನೇರ ಇರುವುದೂ ಆ ಭೂಕಂಪದ ನಂತರ ಹೊಸದಾಗಿ ಕಟ್ಟಿದ್ದರಿಂದಲೇ.

ಹೋಗುವ ಕಾಲ ನಮ್ಮ ಲೆಕ್ಕಕ್ಕೆ ತಿರುಗುಮುರುಗು. ಅಲ್ಲಿ ಮಳೆ ಚಳಿಗಾಲದಲ್ಲಿ. ಏಪ್ರಿಲ್, ಮೇ ಇಲ್ಲವೇ ಸೆಪ್ಟೆಂಬರ್ ಒಳ್ಳೆಯದು. ಸಂಜೆ ನದಿ ಕಡೆಯ ಗಾಳಿಗೆ ಒಂದು ಸ್ವೆಟರ್ ಇರಲಿ. ಊರು ನೋಡಲು ನಾಲ್ಕು ದಿನ ಸಾಕು, ಮೊಣಕಾಲು ನೋವಿದ್ದವರು ಐದು ಇಟ್ಟುಕೊಳ್ಳಿ, ನಡುವೆ ಒಂದು ದಿನ ಬರೀ ಕೂರಲು.

ಊರಿಗೆ ತರಲು ಡಬ್ಬಿ ಸಾರ್ಡಿನ್ ಅಗ್ಗ, ಚಂದ ಚಂದದ ಚಿತ್ರದ ಡಬ್ಬಿಗಳು. ಪ್ರವಾಸಿ ಅಂಗಡಿ ಬಿಟ್ಟು ಸೂಪರ್‌ಮಾರ್ಕೆಟಿನಲ್ಲಿ ತೆಗೆದುಕೊಳ್ಳಿ. ಒಳಗೆ ಎಣ್ಣೆ ಇರುವುದರಿಂದ ಕೈಚೀಲದಲ್ಲಿ ಬೇಡ, ದೊಡ್ಡ ಬ್ಯಾಗಿಗೆ ಹಾಕಿ. ಅತ್ತೆ ಬಂದ ಮರುದಿನವೇ ಎರಡು ಡಬ್ಬಿ ಒಡೆದು ಪುಳಿಮುಂಚಿ, ಅಂದರೆ ನಮ್ಮ ಹುಳಿ ಖಾರದ ಮೀನು ಸಾರು, ಮಾಡಿದರು. ಮೊದಲೇ ಬೆಂದ ಮೀನು, ಕುದಿಯುವಾಗ ಪುಡಿಪುಡಿಯಾಯಿತು. ಉಳಿದ ಡಬ್ಬಿಗಳನ್ನು ಬಿಸಿ ಪಾವ್ ಜೊತೆ ಹಾಗೇ ತಿಂದೆವು, ಮೇಲೆ ಒಂದಿಷ್ಟು ನೀರುಳ್ಳಿ.