ಅಗ್ನಿಮೂರ್ತಿಯ ಕೈ ಎಣಿಸಿದವರಿಗೆ ಮುಂದಿನ ದಾರಿ

ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಶುರುವಾಗಿ ಗವಿಪುರದ ಒಂದು ಮನೆಯ ಕಾಂಪೌಂಡಿನಲ್ಲಿ ಮುಗಿಯುವ ಒಂದು ಜಿಯೋಕ್ಯಾಶಿಂಗ್ ಆಟವನ್ನು ನಮ್ಮ ಶಾಲೆಯ ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಅಂತ ಕಟ್ಟಿದ್ದೇನೆ. ನಾನು ಗಣಿತ ಹೇಳಿಕೊಡುವವಳು. ಅಕ್ಷಾಂಶ, ರೇಖಾಂಶ ಸಮಾಜ ವಿಜ್ಞಾನದವರ ಪಾಠ ಅಂತ ಮಕ್ಕಳು ಬದಿಗಿಟ್ಟಿರುತ್ತಾರೆ. ಅವನ್ನು ಕಾಲಲ್ಲಿ ನಡೆದು ಕಲಿಯಲಿ ಅನ್ನುವುದು ನನ್ನ ಆಸೆ.

ಜಿಯೋಕ್ಯಾಶಿಂಗ್ ಅಂದರೆ ಇಷ್ಟೇ: ಯಾರೋ ಒಂದು ಡಬ್ಬಿ ಬಚ್ಚಿಟ್ಟು ಅದರ ಅಕ್ಷಾಂಶ, ರೇಖಾಂಶ ಹೇಳುತ್ತಾರೆ, ನೀವು ಜಿಪಿಎಸ್ ಹಿಡಿದು ಹೋಗಿ ಹುಡುಕಿ, ಒಳಗಿರುವ ಪುಸ್ತಕದಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರುತ್ತೀರಿ. ಇದು ಹುಟ್ಟಿದ್ದು 2000ನೇ ಇಸವಿಯ ಮೇ ತಿಂಗಳಲ್ಲಿ. ಅಲ್ಲಿಯವರೆಗೆ ಅಮೆರಿಕದ ಸರ್ಕಾರ ಜನಸಾಮಾನ್ಯರಿಗೆ ಸಿಗುವ ಜಿಪಿಎಸ್ ಸಂಕೇತವನ್ನು ಬೇಕೆಂದೇ ಕೆಡಿಸಿಡುತ್ತಿತ್ತು, ನೂರು ಮೀಟರ್‌ವರೆಗೂ ವ್ಯತ್ಯಾಸ ಬರುತ್ತಿತ್ತು. ಮೇ ಮೊದಲ ವಾರ ಅದನ್ನು ನಿಲ್ಲಿಸಿದರು. ಮೇ 3ರಂದು ಡೇವ್ ಉಲ್ಮರ್ ಎಂಬಾತ ಆರೆಗಾನ್ ರಾಜ್ಯದ ಕಾಡಂಚಿನಲ್ಲಿ ಒಂದು ಬಕೆಟ್ ಇಟ್ಟು, ಅದರ ಜಾಗವನ್ನು ಇಂಟರ್ನೆಟ್‌ನಲ್ಲಿ ಹಾಕಿದ. ಅಲ್ಲಿಂದ ಬೆಳೆದದ್ದು ಇಷ್ಟೂ.

ಒಂದೇ ಡಬ್ಬಿಯ ಆಟ ನನಗೆ ಅಷ್ಟು ಹಿಡಿಸುವುದಿಲ್ಲ. ಬಾಣದ ಗುರುತು ತೋರಿಸಿದ ಕಡೆಗೆ ಮಕ್ಕಳು ಓಡುತ್ತಾರೆ, ದಾರಿಯಲ್ಲಿ ಏನಿತ್ತು ಅಂತ ಕೇಳಿದರೆ ಗೊತ್ತಿರುವುದಿಲ್ಲ. ಮಲ್ಟಿ ಕ್ಯಾಶ್ ಹಾಗಲ್ಲ. ಮೊದಲ ಜಾಗದಲ್ಲಿ ಏನನ್ನೋ ಓದಿ, ಎಣಿಸಿ, ಲೆಕ್ಕ ಹಾಕಿದರೆ ಮಾತ್ರ ಎರಡನೆಯ ಜಾಗ ಗೊತ್ತಾಗುತ್ತದೆ. ಆ ಸ್ಥಳವನ್ನು ಸರಿಯಾಗಿ ನೋಡದ ಹೊರತು ಅದು ನಿಮ್ಮನ್ನು ಮುಂದಕ್ಕೆ ಬಿಡುವುದಿಲ್ಲ. ನಾನು ಈ ಆಟಕ್ಕೆ ಮನಸೋತದ್ದು ಈ ಒಂದು ಗುಣಕ್ಕೆ.

ನಮ್ಮ ದಾರಿಯಲ್ಲಿ ಕೊನೆಯ ಡಬ್ಬಿ ಬಿಟ್ಟರೆ ಬೇರೆಲ್ಲೂ ಏನನ್ನೂ ಇಟ್ಟಿಲ್ಲ. ಲಾಲ್‌ಬಾಗಿನಲ್ಲೋ ದೇವಸ್ಥಾನದಲ್ಲೋ ಅಪರಿಚಿತ ಡಬ್ಬಿ ಕಂಡರೆ ಜನ ಗಾಬರಿಯಾಗುತ್ತಾರೆ, ಆಗಲೂ ಬೇಕು. ಅಲ್ಲಿರುವ ಕಲ್ಲು, ಫಲಕ, ಮೂರ್ತಿಗಳೇ ಸುಳಿವು ಕೊಡುತ್ತವೆ. ಸುಳಿವುಗಳಿಂದ ಸಿಗುವ ಅಂಕಿಗಳನ್ನು ಬರೆದಿಟ್ಟುಕೊಂಡರೆ, ಅವುಗಳಿಂದಲೇ ಕೊನೆಯ ಡಬ್ಬಿಯ ಅಕ್ಷಾಂಶ, ರೇಖಾಂಶ ಸಿಗುತ್ತದೆ.

ಗಾಜಿನ ಮನೆಯ ಅಡಿಗಲ್ಲು ಹಾಕಿದ್ದು 1889ರಲ್ಲಿ. ಆ ಅಂಕಿಗಳನ್ನು ಕೂಡಿದರೆ 26, ಅದನ್ನೂ ಕೂಡಿದರೆ 8. ಅಲ್ಲಿಂದ ಬಂಡೆ. ಕೆಂಪೇಗೌಡರ ಗೋಪುರ ನಿಂತಿರುವ ಆ ಬಂಡೆಯ ಮೇಲೆ ಓಡಾಡದ ಬೆಂಗಳೂರಿನ ಮಗು ಇರಲಿಕ್ಕಿಲ್ಲ. ಆದರೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಹಾಕಿರುವ ಫಲಕದ ಮುಂದೆ ನಿಂತು ಓದಿದವರು ಕಡಿಮೆ. ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ. ನಮಗೆ ಬೇಕಾದದ್ದು ಅದರ ಮೊದಲ ಅಂಕಿ 3 ಮಾತ್ರ. ಆದರೂ ಫಲಕ ಓದಿದ ಮೇಲೆ ಒಬ್ಬ ಹುಡುಗ ಚಪ್ಪಲಿ ಕಳಚಿ ಬಂಡೆಯ ಮೇಲೆ ಬರಿಗಾಲಲ್ಲಿ ನಿಂತ. ಯಾಕೋ ಅಂತ ನಾನು ಕೇಳಲಿಲ್ಲ.

ಬಂಡೆಯ ಮೇಲೇ ನಮ್ಮ ಪಾಠ ನಡೆಯುತ್ತದೆ. ಜಿಯೋಕ್ಯಾಶಿಂಗ್‌ನವರು ಡಿಗ್ರಿ, ನಿಮಿಷ (ಡಿಗ್ರಿಯ ಅರವತ್ತರಲ್ಲೊಂದು ಭಾಗ), ನಿಮಿಷದ ಸಾವಿರದಲ್ಲೊಂದು ಭಾಗ ಹೀಗೆ ಬರೆಯುತ್ತಾರೆ. ಅಕ್ಷಾಂಶದ ಒಂದು ನಿಮಿಷ ಅಂದರೆ ನೆಲದ ಮೇಲೆ ಸುಮಾರು 1.84 ಕಿಲೋಮೀಟರ್. ಸಾವಿರದಲ್ಲೊಂದು ಭಾಗ ಎರಡು ಮೀಟರ್‌ಗೂ ಕಡಿಮೆ, ಮಕ್ಕಳ ನಡಿಗೆಯಲ್ಲಿ ಮೂರು ಹೆಜ್ಜೆ. ರೇಖಾಂಶದ ಒಂದು ನಿಮಿಷ ಬೆಂಗಳೂರಿನಲ್ಲಿ 1.81 ಕಿಲೋಮೀಟರ್, ಲಂಡನ್ನಿನಲ್ಲಾದರೆ ಸುಮಾರು 1.16 ಮಾತ್ರ. ಧ್ರುವದ ಕಡೆ ಹೋದ ಹಾಗೆ ರೇಖಾಂಶದ ಗೆರೆಗಳು ಒಂದಕ್ಕೊಂದು ಹತ್ತಿರ ಬರುತ್ತವೆ ಅನ್ನುವುದನ್ನು ಗ್ಲೋಬ್ ತಿರುಗಿಸಿ ಎಷ್ಟೇ ತೋರಿಸಿದರೂ ತಲೆಗೆ ಹೋಗದವರಿಗೆ, ಉತ್ತರಕ್ಕೆ ಹತ್ತು ಹೆಜ್ಜೆ, ಪೂರ್ವಕ್ಕೆ ಹತ್ತು ಹೆಜ್ಜೆ ನಡೆಸಿ ಫೋನಿನ ಅಂಕಿ ನೋಡಿಸಿದರೆ ಪ್ರಶ್ನೆಗಳು ತಾವಾಗಿ ಬರುತ್ತವೆ. ಈ ವ್ಯತ್ಯಾಸವನ್ನು ಲೆಕ್ಕ ಹಾಕಲು ಬೇಕಾದ ಕೊಸೈನ್ ಮುಂದಿನ ವರ್ಷದ ಪಾಠ, ಆದರೆ ಅದರ ಅಗತ್ಯ ಅವರಿಗೆ ಈ ಬಂಡೆಯ ಮೇಲೇ ಗೊತ್ತಾಗಿರುತ್ತದೆ.

ಪಶ್ಚಿಮ ದ್ವಾರದಿಂದ ಹೊರಬಿದ್ದು ಗಾಂಧಿ ಬಜಾರ್. ಇಲ್ಲಿಯ ಸುಳಿವು ಯಾರನ್ನಾದರೂ ಮಾತಾಡಿಸಿ ತಿಳಿಯಬೇಕಾದದ್ದು: ವಿದ್ಯಾರ್ಥಿ ಭವನ ಶುರುವಾದದ್ದು ಯಾವ ವರ್ಷ? ಫೋನಿನಲ್ಲಿ ಹುಡುಕುವಂತಿಲ್ಲ. ಹೂವು ಕಟ್ಟುತ್ತಾ ಕೂತ ಅಜ್ಜಿಯನ್ನು ಒಬ್ಬಳು ಕೇಳಿದಳು. ಅಜ್ಜಿ, "ನಾನು ಮದುವೆಯಾಗಿ ಬಂದಾಗಲೇ ಇತ್ತಲ್ಲ ಕಣಮ್ಮಾ, ಒಳಗೆ ಹೋಗಿ ಗಲ್ಲಾದಲ್ಲಿ ಕೇಳು" ಅಂತ ಕಳಿಸಿದರು. ಉತ್ತರ 1943. ದೋಸೆ ತಿನ್ನಲು ಕಾದು ನಿಂತ ಹೊತ್ತಲ್ಲಿ ಲೆಕ್ಕವೂ ಮುಗಿಯಿತು: 17, ಆಮೇಲೆ 8.

ಮುಂದೆ ದೊಡ್ಡ ಬಸವಣ್ಣ. ಏಕಶಿಲೆಯ ಈ ನಂದಿ ಬೆಳೆಯುತ್ತಲೇ ಹೋಗುತ್ತಿತ್ತಂತೆ, ತಲೆಯ ಮೇಲೆ ತ್ರಿಶೂಲ ನೆಟ್ಟ ಮೇಲೆ ನಿಂತಿತಂತೆ. ಸುಂಕೇನಹಳ್ಳಿಯ ರೈತರ ಕಡಲೆಕಾಯಿ ಹೊಲಕ್ಕೆ ನುಗ್ಗುತ್ತಿದ್ದ ಬಸವನ ಕಥೆ ಎಲ್ಲರಿಗೂ ಗೊತ್ತು. ಪ್ರಶ್ನೆ: ಇಲ್ಲಿಯ ಕಡಲೆಕಾಯಿ ಪರಿಷೆ ನಡೆಯುವ ಮಾಸ ಚೈತ್ರದಿಂದ ಎಣಿಸಿದರೆ ಎಷ್ಟನೆಯದು? ಬೆರಳು ಮಡಿಚುತ್ತಾ ಕಾರ್ತಿಕಕ್ಕೆ ಬಂದರೆ ಮತ್ತೆ 8.

"ಮಿಸ್, ಎಲ್ಲೆಲ್ಲೂ ಎಂಟೇ ಬರ್ತಿದೆ, ಎಲ್ಲೋ ತಪ್ಪಾಗಿದೆ" ಅಂದಳು ಒಬ್ಬಳು. ಆ ಮಾತಿಗಾಗಿಯೇ ಮೂರು ಎಂಟುಗಳನ್ನು ಇಟ್ಟಿದ್ದೆ. ತಪ್ಪಿದೆಯೋ ಇಲ್ಲವೋ ನೀನೇ ಹೇಳು ಅಂದೆ. ಕಹಳೆ ಬಂಡೆಯ ಪಾರ್ಕಿನಲ್ಲಿ ಕೂತು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ 1943ರಿಂದ 1889 ಕಳೆದಳು. 54. ಸ್ವಲ್ಪ ಹೊತ್ತು ಅದನ್ನೇ ನೋಡಿ, "ಒಂಬತ್ತರ ಮಗ್ಗಿಯಲ್ಲಿದೆ ಮಿಸ್, ಅದಕ್ಕೇ!" ಅಂತ ಎದ್ದು ನಿಂತಳು. ಅಂಕಿಗಳನ್ನು ಒಂದೇ ಅಂಕಿ ಬರುವವರೆಗೆ ಕೂಡಿದರೆ ಸಿಗುವುದು ಒಂಬತ್ತರಿಂದ ಭಾಗಿಸಿ ಉಳಿಯುವ ಶೇಷವೇ (ಶೇಷ ಸೊನ್ನೆಯಾದರೆ 9) ಅನ್ನುವುದನ್ನು ನಾನು ಬೋರ್ಡಿನ ಮೇಲೆ ಬರೆದು ಹೇಳಿದ್ದಿದೆ. ಅವಳು ಅಲ್ಲಿ ಅದನ್ನು ತಾನೇ ಕಂಡುಹಿಡಿದಳು, ಇದು ಬೇರೆಯೇ ಮಾತು. ಕೊನೆಯ ಉತ್ತರ ಸರಿಯಿದೆಯೇ ಅಂತ ನೋಡಲು ಜಿಯೋಕ್ಯಾಶಿಂಗ್‌ನವರು ಬಳಸುವುದೂ ಇದೇ ಉಪಾಯ: ಎಲ್ಲ ಅಂಕಿಗಳನ್ನು ಕೂಡಿದರೆ ಇಷ್ಟು ಬರಬೇಕು ಅಂತ ಮೊದಲೇ ಹೇಳಿರುತ್ತಾರೆ.

ಆಮೇಲೆ ಗವಿ ಗಂಗಾಧರೇಶ್ವರ. ಈ ದಾರಿಯನ್ನು ಆರಿಸಿಕೊಂಡದ್ದೇ ಈ ದೇವಸ್ಥಾನಕ್ಕಾಗಿ. ಅಂಗಳದಲ್ಲಿ ಸೂರ್ಯಪಾನ, ಚಂದ್ರಪಾನ ಅನ್ನುವ ಎರಡು ದೊಡ್ಡ ಕಲ್ಲಿನ ತಟ್ಟೆಗಳು ಕಂಬದ ಮೇಲೆ ನಿಂತಿವೆ, ಜೊತೆಗೆ ಕಲ್ಲಿನ ತ್ರಿಶೂಲ, ಡಮರು. ಮಕರ ಸಂಕ್ರಾಂತಿಯ ಸಂಜೆ ಸೂರ್ಯನ ಬೆಳಕು ನಂದಿಯ ಕೊಂಬುಗಳ ನಡುವೆ ಹಾದು ಲಿಂಗದ ಮೇಲೆ ಬೀಳುತ್ತದೆ. ನಾವು ಹೋದದ್ದು ಬೆಳಗ್ಗೆ, ಆ ಬೆಳಕೇನೂ ಇರಲಿಲ್ಲ. ಆದರೆ ಹುಡುಗರು ನಂದಿಯ ಹಿಂದೆ ಬಗ್ಗಿ, ಕೊಂಬಿನ ನಡುವಿನಿಂದ ಲಿಂಗದ ಕಡೆಗೆ ನೋಡಿ, ಮತ್ತೆ ತಿರುಗಿ ಬೆಳಕು ಬರುವ ದಿಕ್ಕು ಯಾವುದು ಅಂತ ಫೋನಿನ ದಿಕ್ಸೂಚಿಯಲ್ಲಿ ಹಿಡಿದರು. ಪಶ್ಚಿಮಕ್ಕಿಂತ ಸ್ವಲ್ಪ ದಕ್ಷಿಣಕ್ಕೆ. ಜನವರಿಯಲ್ಲಿ ಸೂರ್ಯ ಮುಳುಗುವುದು ಅಲ್ಲೇ ತಾನೆ?

ಒಳಗೆ ಫೋನು ಚೀಲಕ್ಕೆ. ಬಂಡೆಯಲ್ಲಿ ಕೊರೆದ ಗವಿಯಲ್ಲಿ ಉಪಗ್ರಹಕ್ಕೆ ಹೇಗೂ ದಾರಿಯಿಲ್ಲ. ಇಲ್ಲಿ ಹುಡುಕಬೇಕಾದದ್ದು ಅಗ್ನಿಮೂರ್ತಿ. ಪ್ರಶ್ನೆ ಒಂದೇ ಸಾಲು: ತಲೆ ಎಷ್ಟು, ಕೈ ಎಷ್ಟು, ಕಾಲು ಎಷ್ಟು? ಮಕ್ಕಳು ಎಣಿಸಿದರು, ನಂಬಲಿಲ್ಲ, ಮತ್ತೆ ಎಣಿಸಿದರು. ಎರಡು ತಲೆ, ಏಳು ಕೈ, ಮೂರು ಕಾಲು. "ಏಳು ಹೇಗಾಗುತ್ತೆ, ಒಂದು ಕಡೆ ಮೂರು, ಇನ್ನೊಂದು ಕಡೆ ನಾಲ್ಕು!" ಅಂತ ಅವರ ಪಿಸುಮಾತು ಜೋರಾಯಿತು. ಅರ್ಚಕರು ಹತ್ತಿರ ಬಂದು, "ಏನ್ರಪ್ಪಾ, ಏನು ಎಣಿಸ್ತಿದ್ದೀರಿ?" ಅಂದರು. ವಿಷಯ ಹೇಳಿದ ಮೇಲೆ ಅವರೇ ಋಗ್ವೇದದ ಮಂತ್ರ ಹೇಳಿದರು: "ಚತ್ವಾರಿ ಶೃಂಗಾ ತ್ರಯೋ ಅಸ್ಯ ಪಾದಾ ದ್ವೇ ಶೀರ್ಷೇ ಸಪ್ತ ಹಸ್ತಾಸೋ ಅಸ್ಯ." ನಾಲ್ಕು ಕೊಂಬು, ಮೂರು ಪಾದ, ಎರಡು ತಲೆ, ಏಳು ಕೈ. ಸಂಸ್ಕೃತ ತೆಗೆದುಕೊಂಡ ಒಬ್ಬ ಹುಡುಗ "ತ್ರಯೋ, ದ್ವೇ, ಸಪ್ತ" ಅಂತ ಅಂಕಿಗಳನ್ನು ಗುರುತು ಹಿಡಿದು, ತಕ್ಷಣ "ಹಾಗಾದರೆ ಕೊಂಬು ಎಲ್ಲಿ ಸ್ವಾಮಿ?" ಅಂತ ಕೇಳಿದ. ಅರ್ಚಕರು ಖುಷಿಯಿಂದ ಅವನನ್ನು ಮತ್ತೆ ಮೂರ್ತಿಯ ಮುಂದಕ್ಕೆ ಕರೆದುಕೊಂಡು ಹೋದರು.

8, 3, 8, 8, ಜೊತೆಗೆ 2, 7, 3. ಇವುಗಳಿಂದ ಸೂತ್ರದಲ್ಲಿ ಬಿಟ್ಟ ಜಾಗ ತುಂಬಿದರೆ ಕೊನೆಯ ನಿರ್ದೇಶಾಂಕ ಸಿಗುತ್ತದೆ: ಕೆಂಪಾಂಬುಧಿ ಕೆರೆಯ ಕಡೆಗೆ ಹೋಗುವ ಒಂದು ಬೀದಿ, ನನ್ನ ಗೆಳತಿಯ ಮನೆ. ಫೋನು ಐದರಿಂದ ಹತ್ತು ಮೀಟರ್ ಆಚೀಚೆ ತೋರಿಸುತ್ತದೆ, ಕೊನೆಯ ಹೆಜ್ಜೆಗಳನ್ನು ಕಣ್ಣಿಂದಲೇ ಹುಡುಕಬೇಕು. ಕರಿಬೇವಿನ ಗಿಡದ ಹಿಂದೆ ಇಟ್ಟಿಗೆಗಳ ನಡುವೆ ಸ್ಟೀಲಿನ ಟಿಫನ್ ಡಬ್ಬಿ. ಒಳಗೆ ಒಂದು ಪುಸ್ತಕ, ಪೆನ್ಸಿಲ್. ಪೆನ್ನಾದರೆ ತೇವಕ್ಕೆ ಶಾಯಿ ಹರಡುತ್ತದೆ. ತಿಂಡಿ ಇಡಬಾರದು, ಇರುವೆ, ಇಲಿ ಮೊದಲು ಹುಡುಕಿಬಿಡುತ್ತವೆ. ನಿಮ್ಮ ಶಾಲೆಯವರು ಇಂಥದ್ದು ಮಾಡುವುದಾದರೆ ಜಾಗದ ಯಜಮಾನರ ಒಪ್ಪಿಗೆ ಮೊದಲು ಪಡೆಯಿರಿ, ನೆಲ ಅಗೆದು ಹೂಳಬೇಡಿ, ಪರಿಷೆಯ ದಿನ ಈ ಕಡೆ ಮಕ್ಕಳನ್ನು ಕರೆತರಬೇಡಿ.

ಕೆರೆಯ ಪಕ್ಕದ ಕೆಂಪೇಗೌಡ ಗೋಪುರ ನೋಡಿದ ಮೇಲೆ, ಬೆಳಗ್ಗೆ ಬಂಡೆಯ ಮೇಲೆ ಕಂಡ ಗೋಪುರಕ್ಕೂ ಇದಕ್ಕೂ ದೂರ ಎಷ್ಟು ಅಂತ ಮಕ್ಕಳೇ ಲೆಕ್ಕ ಹಾಕಲು ಕೂತರು. ಇನ್ನೆರಡು ಹಲಸೂರು ಕೆರೆಯ ಬಳಿ ಮತ್ತು ಮೇಖ್ರಿ ಸರ್ಕಲ್ ಹತ್ತಿರ ಇವೆ. ನಾಲ್ಕನ್ನೂ ಸೇರಿಸಿ ಮುಂದಿನ ಆಟ ಕಟ್ಟುತ್ತಿದ್ದೇನೆ. ಲಾಲ್‌ಬಾಗಿಗೂ ಹಲಸೂರಿಗೂ ಮೆಟ್ರೋ ಇದೆ, ಮೇಖ್ರಿ ಸರ್ಕಲ್‌ಗೆ ಬಸ್ಸಿನಲ್ಲಿ ಹೋಗಬೇಕು. ನಾಲ್ಕು ಬಿಂದು ಸೇರಿಸಿದರೆ ಬರುವ ಚತುರ್ಭುಜದ ಕರ್ಣಗಳು ಒಂದನ್ನೊಂದು ಎಲ್ಲಿ ಕತ್ತರಿಸುತ್ತವೋ ಅಲ್ಲಿಗೆ ಹತ್ತಿರ ಡಬ್ಬಿ ಇಡಲು ಒಪ್ಪುವ ಅಂಗಡಿಯೋ ಮನೆಯೋ ನಿಮಗೆ ಗೊತ್ತಿದ್ದರೆ ತಿಳಿಸಿ.