ಎಲುಬಿಗಿಂತ ಮೊದಲು ಅದರ ಸುತ್ತಲಿನ ಮಣ್ಣನ್ನು ನೋಡಿ

ಹಳೆಯ ಹೊಳೆಯ ಮೆಕ್ಕಲಿನಲ್ಲಿ ಎಲುಬು ಕಂಡ ಕೂಡಲೇ ಎಲ್ಲರೂ ಕೇಳುವುದು ‘ಯಾವ ಪ್ರಾಣಿಯದು?’ ಎಂದು. ನನ್ನ ಪ್ರಕಾರ ಅದಕ್ಕೂ ಮೊದಲು ಕೇಳಬೇಕಾದದ್ದು, ಅದು ಎಂಥ ಮಣ್ಣಿನಲ್ಲಿ ಕೂತಿದೆ ಎಂದು. ನುಣ್ಣನೆಯ ಜೇಡಿಯಲ್ಲಿ ಆನೆಗಾತ್ರದ ಪ್ರಾಣಿಯ ತೊಡೆಮೂಳೆ ಇದೆ ಎಂದುಕೊಳ್ಳಿ. ಜೇಡಿ ತಳಕ್ಕಿಳಿಯಬೇಕಾದರೆ ನೀರು ಹೆಚ್ಚುಕಡಿಮೆ ನಿಂತೇ ಇರಬೇಕು. ಅಂಥ ನೀರಿಗೆ ಆ ಮೂಳೆಯನ್ನು ಒಂದಂಗುಲ ಸರಿಸುವ ಶಕ್ತಿಯೂ ಇಲ್ಲ. ಹಾಗಾಗಿ ಪ್ರಾಣಿ ಅಲ್ಲೇ ಸತ್ತಿರಬೇಕು, ಇಲ್ಲವೇ ಇಡೀ ಹೆಣ ತೇಲಿಬಂದು ಅಲ್ಲಿ ತಂಗಿರಬೇಕು. ಅದೇ ಮೂಳೆ ಗರಸಿನ ಪದರದಲ್ಲಿ ಸಿಕ್ಕರೆ ಲೆಕ್ಕಾಚಾರವೇ ಬದಲಾಗುತ್ತದೆ: ಗರಸನ್ನು ಉರುಳಿಸಿದ ನೀರು ಮೂಳೆಯನ್ನೂ ಬೇರೆಡೆಯಿಂದ ತಂದಿರಬಹುದು.

ಪಳೆಯುಳಿಕೆಯಾಗುವುದಕ್ಕೆ ಲಕ್ಷಾಂತರ ವರ್ಷ ಬೇಕು ಎಂಬ ಮಾತು ಗಟ್ಟಿಯಾಗಿ ಬೇರೂರಿದೆ. ಮೂಳೆ ಉಳಿಯುತ್ತದೋ ಇಲ್ಲವೋ ಎಂಬುದು ಮಾತ್ರ ಬಹುಪಾಲು ಮೊದಲ ಕೆಲವು ವರ್ಷಗಳಲ್ಲೇ ತೀರ್ಮಾನವಾಗಿಬಿಡುತ್ತದೆ. ಕೀನ್ಯಾದ ಅಂಬೊಸೆಲಿಯಲ್ಲಿ ಬಯಲಿಗೆ ಬಿದ್ದ ಮೂಳೆಗಳನ್ನು ಗಮನಿಸಿದ ಆನಾ ಬೆಹ್ರೆನ್ಸ್‌ಮೇಯರ್ 1978ರಲ್ಲಿ ಸವಕಳಿಯನ್ನು 0ಯಿಂದ 5ರವರೆಗಿನ ಹಂತಗಳಾಗಿ ವಿಂಗಡಿಸಿದರು. ಹಂತ 0 ಎಂದರೆ ಬಿರುಕಿಲ್ಲದ ತಾಜಾ ಮೂಳೆ, 1ರಲ್ಲಿ ನಾರಿನ ದಿಕ್ಕಿಗೆ ಸಮಾನಾಂತರವಾಗಿ ಸಣ್ಣ ಬಿರುಕು, 2ರಲ್ಲಿ ಮೇಲ್ಪದರ ಚಕ್ಕೆಯೇಳುವುದು, 3ರಲ್ಲಿ ಒರಟು ನಾರುನಾರಾದ ಮೈ, 5ಕ್ಕೆ ಬಂದರೆ ಮುಟ್ಟಿದರೆ ಪುಡಿ. ದೊಡ್ಡ ಪ್ರಾಣಿಯ ಮೂಳೆಯೂ 6ರಿಂದ 15 ವರ್ಷಗಳಲ್ಲಿ ಈ ಕೊನೆಯ ಹಂತ ಮುಟ್ಟಬಲ್ಲದು. ಅಂದರೆ ಹೂಳು ಅಷ್ಟರೊಳಗೆ ಮುಚ್ಚಿರಬೇಕು. ಒಂದೇ ಪದರದಲ್ಲಿ ಹಂತ 0, 2, 4 ಮೂರೂ ಕಲಸಿಕೊಂಡಿದ್ದರೆ ಪ್ರಾಣಿಗಳು ಬೇರೆ ಬೇರೆ ವರ್ಷಗಳಲ್ಲಿ ಸತ್ತಿರುವ ಸಾಧ್ಯತೆ ಹೆಚ್ಚು. ಎಲ್ಲವೂ 0 ಅಥವಾ 1 ಆಗಿದ್ದರೆ ಒಂದೇ ನೆರೆಯ ಗುಮಾನಿ ಬರಬೇಕು.

ನೀರಿಗೆ ಸಿಕ್ಕ ಮೂಳೆಗಳೆಲ್ಲ ಒಟ್ಟಿಗೆ ಹೋಗುವುದಿಲ್ಲ. ಮೈಕೆಲ್ ವೂರ್ಹೀಸ್ ಕುರಿ ಮತ್ತು ಕಾಯೋಟಿ (ಉತ್ತರ ಅಮೆರಿಕದ ನರಿಯಂಥ ಪ್ರಾಣಿ) ಮೂಳೆಗಳನ್ನು ಕೃತಕ ಕಾಲುವೆಯಲ್ಲಿ ಹರಿಯಬಿಟ್ಟು 1969ರಲ್ಲಿ ಮೂರು ಗುಂಪು ಮಾಡಿದರು. ಪಕ್ಕೆಲುಬು, ಬೆನ್ನುಮಣಿಗಳು ಸ್ಪಂಜಿನಂತೆ ರಂಧ್ರಮಯವಾದ್ದರಿಂದ ಕೂಡಲೇ ಹೊರಟುಬಿಡುತ್ತವೆ. ತೊಡೆ, ಮುಂಗಾಲಿನ ಉದ್ದ ಮೂಳೆಗಳು ತಳದಲ್ಲಿ ಉರುಳುತ್ತ ನಿಧಾನಕ್ಕೆ ಸಾಗುತ್ತವೆ. ತಲೆಬುರುಡೆ, ಕೆಳದವಡೆ ಹಿಂದುಳಿಯುತ್ತವೆ. ಆದ್ದರಿಂದ ಒಂದು ಜಾಗದಲ್ಲಿ ಬರೀ ದವಡೆ, ಬಿಡಿ ಹಲ್ಲುಗಳೇ ಇದ್ದರೆ ಉಳಿದದ್ದನ್ನು ಪ್ರವಾಹ ಒಯ್ದಿದೆ ಎಂದು ಓದಬಹುದು. ಆದರೆ ಈ ಪಟ್ಟಿಯನ್ನು ಎಲ್ಲ ಪ್ರಾಣಿಗಳಿಗೂ ಕಣ್ಣುಮುಚ್ಚಿ ಹೊಂದಿಸಬಾರದು. ಪ್ರಾಣಹಿತಾ–ಗೋದಾವರಿ ಕಣಿವೆಯ ಕೋಟಾ ಶಿಲಾಸ್ತರದಲ್ಲಿ ಸಿಕ್ಕ ಬಾರಾಪಾಸಾರಸ್ ಡೈನೋಸಾರ್‌ನ ಸುಮಾರು 300 ಮೂಳೆಗಳಲ್ಲಿ ತಲೆಬುರುಡೆಯೇ ಇಲ್ಲ, ಕೆಲವು ಬಿಡಿ ಹಲ್ಲುಗಳಷ್ಟೇ. ಈ ಬಗೆಯ ಉದ್ದ ಕತ್ತಿನ ಡೈನೋಸಾರ್‌ಗಳ ತಲೆ ಮೈಗೆ ಹೋಲಿಸಿದರೆ ಪುಟ್ಟದು, ಕುತ್ತಿಗೆಗೆ ಸಡಿಲವಾಗಿ ಅಂಟಿಕೊಂಡದ್ದು, ತೆಳು ಮೂಳೆಗಳದ್ದು. ಕೊಳೆಯತೊಡಗಿದ ಹೆಣದಿಂದ ಬೇಗ ಕಳಚಿ ಹೋಗುತ್ತದೆ.

ಕೊಳೆತ ಗಾಳಿ ತುಂಬಿ ತೇಲುವ ಹೆಣದಿಂದಲೂ ಹೀಗೇ ಒಂದೊಂದೇ ಭಾಗ ಉದುರುತ್ತ ಹೋಗುತ್ತದೆ: ಮೊದಲಿಗೆ ಕೆಳದವಡೆ, ತಲೆ, ಕಾಲಿನ ತುದಿಗಳು. ಮುಂಡ ಮಾತ್ರ ಬಹಳ ದೂರ ಹೋಗಿ ಸೇರುತ್ತದೆ.

ಹೊಳೆಯ ಪ್ರತಿ ಜಾಗಕ್ಕೂ ತನ್ನದೇ ಗುಣವಿದೆ. ಪಾತ್ರದ ತಳದ ಗರಸಿನಲ್ಲಿ ಮೂಳೆ ಹೇರಳ, ಆದರೆ ಬಿಡಿಬಿಡಿ ಮತ್ತು ಬೇರೆ ಬೇರೆ ಕಾಲದವು. ದಂಡೆ ಒಡೆದು ನುಗ್ಗಿದ ನೆರೆ ಹರಡುವ ಮರಳಿನ ಹಾಸು ಕೆಲವೇ ಗಂಟೆಗಳಲ್ಲಿ ಹೆಣವನ್ನು ಮುಚ್ಚಬಲ್ಲದು. ಕೀಲು ಬಿಡದ ಅಸ್ಥಿಪಂಜರ ಬೇಕೆನ್ನುವವರು ಇಂಥ ಹಾಸನ್ನೂ, ಹೊಳೆ ಬಿಟ್ಟುಹೋದ ತಿರುವಿನ ಕೆರೆಯ ಕಪ್ಪು ಕೆಸರನ್ನೂ ಹುಡುಕಬೇಕು. ನೆರೆಬಯಲಿನ ಎರೆಮಣ್ಣು ಮೋಸದ ಜಾಗ. ಅದು ನೆನೆದಾಗ ಉಬ್ಬಿ ಒಣಗಿದಾಗ ಬಿರಿಯುವುದರಿಂದ ಒಳಗಿನ ಮೂಳೆಯೂ ಜೊತೆಗೆ ಮುರಿಯುತ್ತದೆ, ಬಿರುಕಿನಲ್ಲಿ ಮೇಲಿನದು ಕೆಳಕ್ಕಿಳಿಯುತ್ತದೆ.

ಇನ್ನೊಂದು ತಪ್ಪು ಲೆಕ್ಕ, ಮೂಳೆಯ ಅಂಚು ಸವೆದು ದುಂಡಗಿದ್ದರೆ ಅದು ಸತ್ತ ಕೂಡಲೇ ಬಹಳ ದೂರ ಉರುಳಿಬಂದದ್ದು ಎನ್ನುವುದು. ಹಸಿ ಮೂಳೆಯಲ್ಲಿ ಕೊಲಾಜನ್ ಎಂಬ ನಾರಿನಂಥ ಪ್ರೋಟೀನ್ ಇರುವುದರಿಂದ ಅದು ಬಾಗಬಲ್ಲದು, ಹೆಚ್ಚು ಸವೆಯದೆಯೇ ದೂರ ಸಾಗಬಲ್ಲದು. ಬೇಗ ದುಂಡಗಾಗುವುದು ಅದಾಗಲೇ ಪೆಡಸಾದ ಹಳೆಯ ಪಳೆಯುಳಿಕೆ. ಹಾಗಾಗಿ ಗರಸಿನಲ್ಲಿ ಸಿಕ್ಕ ದುಂಡು ತುಣುಕು ಇನ್ನೂ ಹಳೆಯ ಪದರದಿಂದ ಕೊರೆದುಕೊಂಡು ಬಂದದ್ದಿರಬಹುದು. ನರ್ಮದೆಯ ದಂಡೆಯ ಹತನೋರಾದಲ್ಲಿ 1982ರಲ್ಲಿ ಅರುಣ್ ಸೊನಾಕಿಯಾ ಅವರಿಗೆ ಸಿಕ್ಕ ಮಾನವ ಬುರುಡೆಯ ಮೇಲ್ಭಾಗ ಗಟ್ಟಿಗೊಂಡ ಗರಸಿನಲ್ಲೇ ಇತ್ತು. ಅದರ ಕಾಲದ ಬಗ್ಗೆ ಚರ್ಚೆ ನಿಲ್ಲದಿರುವುದಕ್ಕೆ ಇದೂ ಒಂದು ಕಾರಣ. ಗರಸಿನ ವಯಸ್ಸು ಅದರಲ್ಲಿರುವ ಮೂಳೆಯ ವಯಸ್ಸಾಗಿರಲೇಬೇಕೆಂದಿಲ್ಲ.

ಇಲ್ಲಿ ರಸಾಯನ ನೆರವಿಗೆ ಬರುತ್ತದೆ. ಒಣ ಮೂಳೆಯ ತೂಕದ ಸುಮಾರು ಮೂರನೇ ಎರಡು ಭಾಗ ಅಪಟೈಟ್ ಎಂಬ ಕ್ಯಾಲ್ಸಿಯಂ ಫಾಸ್ಫೇಟ್, ಉಳಿದದ್ದರಲ್ಲಿ ಹೆಚ್ಚಿನದು ಕೊಲಾಜನ್. ಹಲ್ಲಿನ ಎನಾಮಲ್‌ನಲ್ಲಿ ಖನಿಜವೇ 96%ರಷ್ಟು, ಅದಕ್ಕೇ ಹಲ್ಲು ಎಲ್ಲಕ್ಕಿಂತ ಬಾಳಿಕೆ ಬರುವುದು. ಮೂಳೆ ‘ಕಲ್ಲಾಯಿತು’ ಎನ್ನುತ್ತೇವೆ, ಆದರೆ ಬಹಳಷ್ಟು ಪಳೆಯುಳಿಕೆಗಳಲ್ಲಿ ಅಪಟೈಟ್ ಹಾಗೇ ಇರುತ್ತದೆ. ಅಂತರ್ಜಲದ ಫ್ಲೋರಿನ್ ಹೀರಿ ಅದು ಇನ್ನಷ್ಟು ಕರಗದ ಬಗೆಯಾಗುತ್ತದೆ, ಕೊಲಾಜನ್ ಬಿಟ್ಟುಹೋದ ಸಂದುಗಳಲ್ಲೂ ರಕ್ತನಾಳದ ಕೊಳವೆಗಳಲ್ಲೂ ಕ್ಯಾಲ್ಸೈಟ್, ಸಿಲಿಕಾ ಅಥವಾ ಕಬ್ಬಿಣದ ಆಕ್ಸೈಡ್ ತುಂಬಿಕೊಳ್ಳುತ್ತದೆ. ಒಂದೇ ಪದರದ ಎರಡು ಮೂಳೆಗಳಲ್ಲಿ ಫ್ಲೋರಿನ್ ಪ್ರಮಾಣ ತೀರಾ ಬೇರೆಯಿದ್ದರೆ ಅವು ಜೊತೆಗೆ ಹೂತವಲ್ಲ ಎಂದು ಶಂಕಿಸಬೇಕು. ಇಂಗ್ಲೆಂಡಿನಲ್ಲಿ ನಕಲಿ ಮೂಳೆಗಳನ್ನು ಆದಿಮಾನವನವೆಂದು ನಂಬಿಸಿದ, 1953ರಲ್ಲಿ ಬಯಲಾದ ಪಿಲ್ಟ್‌ಡೌನ್ ವಂಚನೆಯ ಜಾಡು ಹಿಡಿದದ್ದೂ ಫ್ಲೋರಿನ್ ಪರೀಕ್ಷೆಯಿಂದಲೇ. ಬಣ್ಣವನ್ನು ನಂಬಬೇಡಿ. ಕಪ್ಪು ಸಾಮಾನ್ಯವಾಗಿ ಮ್ಯಾಂಗನೀಸಿನದು, ಕೆಂಗಂದು ಕಬ್ಬಿಣದ್ದು; ಯಾವುದೂ ವಯಸ್ಸು ಹೇಳದು.

ಹುಳಿ ಮಣ್ಣಿನಲ್ಲಿ ಅಪಟೈಟ್ ಕರಗುತ್ತದೆ, ಮಾಡುವಂಥದ್ದೇನೂ ಇಲ್ಲ. ಸುಣ್ಣದ ಗಂಟುಗಳಿರುವ ಮಣ್ಣು ಒಳ್ಳೆಯ ಸೂಚನೆ. ಸುಣ್ಣ ಬೇಗ ಕಟ್ಟಿಕೊಂಡಿದ್ದರೆ ಮೂಳೆಯ ಆಕಾರ ಉಳಿದಿರುತ್ತದೆ. ತಡವಾಗಿದ್ದರೆ ಅಷ್ಟರಲ್ಲಿ ಮೇಲಿನ ಭಾರಕ್ಕೆ ಜೇಡಿ ಕುಸಿದು ಬುರುಡೆ ಚಪ್ಪಟೆಯಾಗಿರುತ್ತದೆ.

ಅಗೆಯುವಾಗ ಉದ್ದ ಮೂಳೆಗಳ ದಿಕ್ಕು ಮತ್ತು ಇಳಿಜಾರಿನ ಕೋನವನ್ನು ಕಂಪಾಸಿನಿಂದ ಅಳೆದು ಬರೆದುಕೊಂಡ ಮೇಲೆಯೇ ಎತ್ತಬೇಕು. ಪೂರ್ತಿ ಮುಳುಗಿದ್ದ ಉದ್ದ ಮೂಳೆ ಹರಿವಿನ ಉದ್ದಕ್ಕೆ ತಿರುಗುತ್ತದೆ, ಅರ್ಧ ಮೇಲಿದ್ದದ್ದು ಅಡ್ಡಲಾಗಿ ನಿಲ್ಲುತ್ತದೆ. ಎತ್ತಿದ ಮೇಲೆ ಈ ಮಾಹಿತಿ ಮತ್ತೆ ಸಿಗದು. ಬಿರುಕುಬಿಟ್ಟ ಮೂಳೆಗೆ ಅಸಿಟೋನ್‌ನಲ್ಲಿ ಕರಗಿಸಿದ ಪ್ಯಾರಲಾಯ್ಡ್ ಬಿ-72 ಎಂಬ ಗಟ್ಟಿಗೊಳಿಸುವ ಅಂಟನ್ನು ತೆಳ್ಳಗೆ, 5%ರೊಳಗೆ ಕೊಡಿ. ದಪ್ಪಗಿದ್ದರೆ ಒಳಗಿಳಿಯದೆ ಮೇಲೆ ಹೊಳಪಾಗಿ ಕೂರುತ್ತದೆ, ಮೂಳೆ ಒದ್ದೆಯಿದ್ದರೆ ಬಿಳಿಚಿಕೊಳ್ಳುತ್ತದೆ. ಪ್ಲಾಸ್ಟರ್ ಕವಚ ಹಾಕುವ ಮುನ್ನ ಒದ್ದೆ ಟಿಶ್ಯೂ ಕಾಗದ ಹಾಸದಿದ್ದರೆ ಕವಚ ಬಿಡಿಸುವಾಗ ಮೂಳೆಯ ಮೈಯೇ ಕಿತ್ತು ಬರುತ್ತದೆ. ಸುತ್ತಲಿನ ಮಣ್ಣನ್ನೂ ಚೀಲ ತುಂಬಿ ತನ್ನಿ. ಪೂರ್ತಿ ಒಣಗಿಸಿ ಆಮೇಲೆ ನೀರಿಗೆ ಹಾಕಿದರೆ ಜೇಡಿ ತಾನಾಗಿ ಬಿಚ್ಚಿಕೊಳ್ಳುತ್ತದೆ. 0.5 ಮಿಲಿಮೀಟರ್ ಜರಡಿಯಲ್ಲಿ ಉಳಿಯುವ ಇಲಿಹಲ್ಲು, ಮೀನಿನ ಬೆನ್ನುಮಣಿಗಳು ಆ ಹೊಳೆ ಎಷ್ಟು ಆಳವಿತ್ತು, ದಂಡೆಯಲ್ಲಿ ಹುಲ್ಲಿತ್ತೋ ಕಾಡಿತ್ತೋ ಎಂಬುದನ್ನು ದೊಡ್ಡ ಮೂಳೆಗಿಂತ ಎಷ್ಟೋ ಸಲ ಚೆನ್ನಾಗಿ ಹೇಳುತ್ತವೆ.