ಜಪಾನಿನ ಸಿನಿಮಾಕ್ಕೆ ಹಾಕಿದ ಹಣ ಯಾವ ದಾರಿಯಲ್ಲಿ ವಾಪಸ್ ಬರುತ್ತದೆ?

ಜಪಾನಿನ ಹೂಡಿಕೆ ಸಂಸ್ಥೆಯೊಂದು ಸಿನಿಮಾಕ್ಕೆ ಹಣ ಹಾಕಲು ಹೊರಟರೆ ಮೊದಲು ಎದುರಾಗುವುದು ‘ಸೆಯ್ಸಾಕು ಇಯಿಂಕಾಯ್’, ಅಂದರೆ ನಿರ್ಮಾಣ ಸಮಿತಿ. ವಿತರಕರು, ಟೀವಿ ವಾಹಿನಿ, ಜಾಹೀರಾತು ಏಜೆನ್ಸಿ, ಮೂಲ ಮಾಂಗಾದ (ಜಪಾನಿ ಕಾಮಿಕ್ಸ್) ಪ್ರಕಾಶಕರು ಎಲ್ಲರೂ ಪಾಲು ಹಾಕಿ ಚಿತ್ರದ ಹಕ್ಕನ್ನು ಜಂಟಿಯಾಗಿ ಇಟ್ಟುಕೊಳ್ಳುತ್ತಾರೆ. ಪಾಲಿನ ಜೊತೆಗೆ ಒಬ್ಬೊಬ್ಬರಿಗೂ ಒಂದೊಂದು ‘ಮಾದೊಗುಚಿ’, ಅಂದರೆ ಹಣ ವಸೂಲಿಯ ಕೌಂಟರು ಸಿಗುತ್ತದೆ: ಚಿತ್ರಮಂದಿರ ಒಬ್ಬರಿಗೆ, ಡಿಸ್ಕ್ ಇನ್ನೊಬ್ಬರಿಗೆ, ಪ್ರಸಾರ, ವಿದೇಶಿ ಮಾರಾಟ ಮತ್ತೊಬ್ಬರಿಗೆ. ತಮ್ಮ ಕೌಂಟರಿಗೆ ಬಂದ ಹಣದಲ್ಲಿ ಕಮಿಷನ್ ಹಿಡಿದುಕೊಂಡು ಉಳಿದದ್ದನ್ನು ಸಮಿತಿಗೆ ಕೊಡುತ್ತಾರೆ. ಬರೀ ಹಣ ತಂದವರಿಗೆ ಕೌಂಟರೇ ಇಲ್ಲ. ತೊಂದರೆಯ ಬೇರು ಇಲ್ಲಿದೆ.

ಲೆಕ್ಕ ಹಾಕಿ ನೋಡೋಣ. ಅಂಕಿಗಳು ಉದಾಹರಣೆಗೆ ಮಾತ್ರ, ತೆರಿಗೆ ಸೇರಿಸಿಲ್ಲ. ನಿರ್ಮಾಣ ವೆಚ್ಚ 50 ಕೋಟಿ ಯೆನ್, ಪ್ರಚಾರ ಮತ್ತು ಪ್ರಿಂಟ್ ಖರ್ಚು 20 ಕೋಟಿ. ಟಿಕೆಟ್ ಗಳಿಕೆ 100 ಕೋಟಿ ಯೆನ್ ಎಂದುಕೊಳ್ಳಿ. ಜಪಾನಿನಲ್ಲಿ ಅಷ್ಟು ಗಳಿಸಿದ ಚಿತ್ರವನ್ನು ಹಿಟ್ ಎನ್ನುತ್ತಾರೆ. ಅರ್ಧದಷ್ಟು ಚಿತ್ರಮಂದಿರಗಳಿಗೆ ಹೋಗುತ್ತದೆ. ವಿತರಕರ ಕೈಗೆ ಬಂದ 50 ಕೋಟಿಯಲ್ಲಿ ಪ್ರಚಾರದ 20 ಕೋಟಿ ಮೊದಲು ಕಳೆಯುತ್ತದೆ. ಇಡೀ 50 ಕೋಟಿಯ ಮೇಲೆ ವಿತರಣಾ ಕಮಿಷನ್ ಶೇ. 20 ಆದರೆ ಇನ್ನೂ 10 ಕೋಟಿ. ಸಮಿತಿಗೆ ತಲುಪುವುದು 20 ಕೋಟಿ. ಶೇ. 20 ಪಾಲಿಗೆ 10 ಕೋಟಿ ಹಾಕಿದ ಹೂಡಿಕೆ ಸಂಸ್ಥೆಗೆ ಸಿಗುವುದು 4 ಕೋಟಿ. ಅಷ್ಟೇ ಪಾಲು ಹಾಕಿದ ವಿತರಕರಿಗೆ ಅದೇ 4 ಕೋಟಿಯ ಮೇಲೆ ಕಮಿಷನ್ನಿನ 10 ಕೋಟಿಯೂ ಇದೆ. ಚಿತ್ರಮಂದಿರದಿಂದಲೇ ಅಸಲು ಹುಟ್ಟಬೇಕಾದರೆ 175 ಕೋಟಿ ಗಳಿಕೆ ಬೇಕು.

ಹಾಗಾಗಿ ಕಥೆ, ತಾರಾಗಣ ನೋಡುವ ಮೊದಲು ಒಪ್ಪಂದದ ಒಂದು ಸಾಲು ನೋಡಬೇಕು: ಕಮಿಷನ್ ಯಾವ ಮೊತ್ತದ ಮೇಲೆ? ಪ್ರಚಾರ ಖರ್ಚು ಕಳೆದ ಮೇಲೆ ಉಳಿದ 30 ಕೋಟಿಗೆ ಶೇ. 20 ಎಂದಾದರೆ ಕಮಿಷನ್ 6 ಕೋಟಿಗೆ ಇಳಿಯುತ್ತದೆ. ಬರೀ ಪದಗಳ ಜಾಗ ಬದಲಾದರೆ 4 ಕೋಟಿ ಯೆನ್ ವ್ಯತ್ಯಾಸ! ಪ್ರಚಾರ ಖರ್ಚಿಗೆ ಗರಿಷ್ಠ ಮಿತಿ ಮತ್ತು ಪ್ರತಿ ಕೌಂಟರಿನ ಲೆಕ್ಕಪುಸ್ತಕ ಪರಿಶೀಲಿಸುವ ಹಕ್ಕು, ಈ ಎರಡನ್ನೂ ಸಹಿಗೆ ಮುಂಚೆಯೇ ಕೇಳಿ. ಹಣ ಕೊಟ್ಟ ಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ.

ಹೊರಬರುವ ದಾರಿ ಇನ್ನೂ ಕಿರಿದು. ಸಮಿತಿ ಸಾಮಾನ್ಯವಾಗಿ ಜಪಾನಿನ ನಾಗರಿಕ ಸಂಹಿತೆಯ 667ನೇ ವಿಧಿಯ ಪಾಲುದಾರಿಕೆ. ಸಾಲ ಕೊಟ್ಟವರು ವಸೂಲಿಗೆ ಬಂದರೆ ಹೊಣೆ ಹಾಕಿದ ಹಣಕ್ಕೆ ಸೀಮಿತವಲ್ಲ. ಹಕ್ಕುಸ್ವಾಮ್ಯ ಕಾಯ್ದೆಯ 65ನೇ ವಿಧಿ ಪ್ರಕಾರ ಜಂಟಿ ಹಕ್ಕಿನ ಪಾಲನ್ನು ಉಳಿದವರ ಒಪ್ಪಿಗೆಯಿಲ್ಲದೆ ಮಾರುವಂತಿಲ್ಲ, ಅಡವಿಡುವಂತೆಯೂ ಇಲ್ಲ. ಹೂಡಿಕೆ ನಿಧಿಗೆ ಮುಗಿಯುವ ವರ್ಷವಿದೆ, ಸಮಿತಿಗೆ ಹಾಗಿಲ್ಲ. ಪಾಲನ್ನು ಯಾವ ಸೂತ್ರದಲ್ಲಿ, ಯಾರು ಕೊಳ್ಳಬೇಕು ಎಂಬುದನ್ನು ಮೊದಲೇ ಬರೆಸಬೇಕು. ವಾಣಿಜ್ಯ ಸಂಹಿತೆಯ ‘ತೊಕುಮೆಯ್ ಕುಮಿಯಾಯ್’, ಅಂದರೆ ಅನಾಮಿಕ ಪಾಲುದಾರಿಕೆಯಲ್ಲಿ ಹೊಣೆ ಸೀಮಿತ, ಆದರೆ ನಿರ್ವಹಣೆಯಲ್ಲಿ ಮಾತಾಡುವ ಹಕ್ಕಿಲ್ಲ.

ತೆರಿಗೆ ಉಳಿಸಲೆಂದೇ ಸಿನಿಮಾಕ್ಕೆ ಇಳಿಯುವುದು ಬೇಡ. ಎರಡೇ ವರ್ಷದಲ್ಲಿ ಸವಕಳಿ (ಆಸ್ತಿಯ ಬೆಲೆಯನ್ನು ಖರ್ಚಾಗಿ ಕಳೆಯುವುದು) ತೋರಿಸಲು ಸಾಲ ಮಾಡಿ ಚಲನಚಿತ್ರ ಕೊಂಡು, ಬಳಕೆಯ ಹಕ್ಕನ್ನೆಲ್ಲ ವಿತರಕರಿಗೆ ಕೊಟ್ಟಿದ್ದ ಹೂಡಿಕೆದಾರರ ಕೂಟವೊಂದರ ಪ್ರಕರಣದಲ್ಲಿ, ಆ ಚಿತ್ರ ಸವಕಳಿಗೆ ಅರ್ಹವಾದ ಆಸ್ತಿಯೇ ಅಲ್ಲ ಎಂದು ಜಪಾನಿನ ಸುಪ್ರೀಂ ಕೋರ್ಟ್ 2006ರ ಜನವರಿಯಲ್ಲಿ ತೀರ್ಪು ಕೊಟ್ಟಿದೆ.

ಸಮಿತಿಯನ್ನೇ ಬಿಟ್ಟು ನಿಧಿಯಿಂದ ಸಿನಿಮಾ ಮಾಡುವ ಯೋಜನೆಯನ್ನು ಜಪಾನಿನ ಚಿತ್ರ ನಿರ್ಮಾಣ ಸಂಸ್ಥೆ ಕೆ2 ಪಿಕ್ಚರ್ಸ್ 2024ರ ಕಾನ್ ಚಿತ್ರೋತ್ಸವದ ವೇಳೆ ಪ್ರಕಟಿಸಿತು. ಆ ದಾರಿ ಹಿಡಿದರೂ ವಿತರಕರ ಜೊತೆ ಕಮಿಷನ್ನಿನ ಅದೇ ಸಾಲಿನ ಮೇಲೆ ಚೌಕಾಸಿ ಮಾಡಲೇಬೇಕು.